ಅನ್ನದಡಿಯ ತುಂಡು

ಬಿಸಿ ಟವೆಲಿನಲ್ಲಿ ಕೈಯನ್ನಷ್ಟೇ ಒರೆಸಿಕೊಳ್ಳಬೇಕು, ಮುಖಕ್ಕೆ ತಗುಲಿಸಬಾರದು ಎಂದು ಮೂರ್ತಿ ನಿನ್ನೆಯೇ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿದ್ದ. ತಿಳಿದುಕೊಂಡು ಏನು ಬಂತು ಮಣ್ಣು? ಬಿದಿರಿನ ತಟ್ಟೆಯಲ್ಲಿ ಸುರುಳಿ ಸುತ್ತಿಟ್ಟ ಆ ಬಿಳಿ ಬಟ್ಟೆ ಕೈಗೆ ಬಂದದ್ದೇ ತಡ, ಕೈ ತಾನಾಗಿ ಹಣೆಗೆ ಹೋಯಿತು, ಹಣೆಯಿಂದ ಕತ್ತಿಗೆ ಇಳಿಯಿತು, ಕಾಲರಿನೊಳಗೆ ಒಂದು ಸುತ್ತು ಹೊಡೆದು ಬಂತು. ಬಿಡಿಸಿ ನೋಡಿದರೆ ನೆಲಮಂಗಲದಿಂದ ಇಲ್ಲಿಯತನಕದ ಧೂಳೆಲ್ಲ ಅದರ ಮೇಲೆ ಕಂದು ಗೆರೆಯಾಗಿ ಕೂತಿತ್ತು. ಎದುರಿಗಿದ್ದ ಮೊರಿಕಾವ ನೋಡಿಯೂ ನೋಡದವರಂತೆ ಕಿಟಕಿಯ ಕಡೆ ತಿರುಗಿದರು. ನೋಡದವರಂತೆ ಇರುವುದರಲ್ಲಿ ಆ ಮನುಷ್ಯನನ್ನು ಮೀರಿಸುವವರಿಲ್ಲ. ಸೋಂಪುರದ ಕಾರ್ಖಾನೆಗೆ ಡೈರೆಕ್ಟರಾಗಿ ಬಂದವರು, ಈಗ ಅವಧಿ ಮುಗಿದು ಜಪಾನಿಗೆ ವಾಪಸು ಹೊರಟಿದ್ದಾರೆ. ಹೊರಡುವ ಮೊದಲು ತನ್ನ ಜೊತೆ ದುಡಿದ ಇಬ್ಬರಿಗೆ, ಜನರಲ್ ಮ್ಯಾನೇಜರ್ ಪ್ರಾಣೇಶರಾಯರಿಗೂ ಖರೀದಿ ವಿಭಾಗದ ಮೂರ್ತಿಗೂ, ತನ್ನ ದೇಶದ ಊಟ ಹಾಕಿಸಬೇಕೆಂದು ಈ ಭಾನುವಾರ ಮಧ್ಯಾಹ್ನ ನಂದಿಬೆಟ್ಟದ ತಪ್ಪಲಿನ ರೆಸಾರ್ಟಿಗೆ ಕರೆದಿದ್ದಾರೆ. ಮೂರ್ತಿ ಕೊಳೆಯಾದ ಟವೆಲನ್ನು ಮಡಿಸಿ, ಕಂದು ಗೆರೆ ಒಳಗೆ ಹೋಗುವಂತೆ ಮತ್ತೊಮ್ಮೆ ಮಡಿಸಿ, ತಟ್ಟೆಯ ಕೆಳಗೆ ತಳ್ಳಿದ.

ಕಿಟಕಿಯಾಚೆ ಸಣ್ಣ ಕೊಳ, ಕಲ್ಲಿನ ದೀಪ, ಅದರ ಹಿಂದೆ ಕತ್ತರಿಸಿ ಬೋಳಿಸಿದ ಹುಲ್ಲಿನ ಇಳಿಜಾರು. ಆ ಇಳಿಜಾರಿನಲ್ಲಿ ಹಿಂದೆ ಅವನ ಅಪ್ಪ ಚಿಕ್ಕಬೀರಪ್ಪ ಕುರಿ ಬಿಟ್ಟುಕೊಂಡು ಕಂಬಳಿಯ ಮೇಲೆ ಕೂರುತ್ತಿದ್ದ. ಬೇಸಿಗೆ ರಜೆಯಲ್ಲಿ ಮೂರ್ತಿಯೇ ಬುತ್ತಿ ಹೊತ್ತು ಬಂದದ್ದುಂಟು. ಇದನ್ನು ಹೇಳಿದ್ದರೆ ಮೊರಿಕಾವ ಸಂತೋಷದಿಂದ ಚಪ್ಪಾಳೆಯನ್ನೇ ತಟ್ಟುತ್ತಿದ್ದರೋ ಏನೋ, ಅವರಿಗೆ ಇಂಥ ಕಥೆಗಳು ಇಷ್ಟ. ಆದರೆ ಪಕ್ಕದಲ್ಲಿ ರಾಯರು ಕೂತಿದ್ದರು. ಮೂರ್ತಿ ಜೇಬಿನಿಂದ ಏಲಕ್ಕಿ ತೆಗೆದು, ಕೆಮ್ಮುವವನಂತೆ ಮುಷ್ಟಿ ಮುಚ್ಚಿಕೊಂಡು, ಬಾಯಿಗೆ ಹಾಕಿಕೊಂಡ. ಬೆಳಿಗ್ಗೆ ಹೆಂಡತಿ ಮಾಡಿದ್ದ ಖೈಮಾ ಉಂಡೆಯನ್ನು ಒಲ್ಲೆ ಒಲ್ಲೆ ಎನ್ನುತ್ತಲೇ ತಿಂದು ಬಂದಿದ್ದ. ನೆಲಮಂಗಲ ಬಿಟ್ಟಾಗಿನಿಂದ ಏಲಕ್ಕಿ ಅಗಿದು ಅಗಿದು ನಾಲಿಗೆ ಸುಟ್ಟುಹೋಗಿತ್ತು, ಆದರೂ ಕಾರಿನಲ್ಲಿ ರಾಯರು ಇತ್ತ ತಿರುಗಿ ಮಾತಾಡಿದಾಗೆಲ್ಲ ಉಸಿರು ಬಿಗಿಹಿಡಿದೇ ಹೂಂಗುಟ್ಟಿದ್ದ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಅದೊಂದು ಅವನ ಸಮಾಧಾನ. ಕೆಲಸಕ್ಕೆ ಸೇರಿದ ಹೊಸತು, ಅದೊಂದು ಸೋಮವಾರ. ಸೋಮವಾರ ಮನೆದೇವರು ಬೀರಪ್ಪನ ವಾರ, ಅವರ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕ್ಯಾಂಟೀನಿನಲ್ಲಿ ಯಾರೋ ತಟ್ಟೆಗೆ ಹಾಕಲು ಬಂದ ಮೊಟ್ಟೆಯನ್ನು ಅವನು ಕೈ ಅಡ್ಡ ಹಿಡಿದು ಬೇಡವೆಂದ. ಮೂಲೆಯ ಮೇಜಿನಲ್ಲಿ ಒಬ್ಬರೇ ಡಬ್ಬಿ ಬಿಚ್ಚುತ್ತಿದ್ದ ರಾಯರ ಮುಖ ಅರಳಿತು. "ಅಯ್ಯೋ, ನೀವೂ ನಮ್ಮ ಥರಾನೇನ್ರೀ? ಬನ್ನಿ ಬನ್ನಿ, ಈ ಗಲಾಟೆಯಲ್ಲಿ ಹೇಗೆ ಊಟ ಮಾಡ್ತೀರಿ" ಎಂದು ಪಕ್ಕದ ಕುರ್ಚಿ ಎಳೆದರು. ಅವನು "ಹೂಂ ಸಾರ್" ಅಂದ. ಸೋಮವಾರದ ಮಟ್ಟಿಗೆ ಹೂಂ ಅಂದದ್ದು ಮಂಗಳವಾರಕ್ಕೂ ಅಂಟಿಕೊಂಡಿತು. ರಾಯರ ಹೆಂಡತಿ ಅವನಿಗೆಂದೇ ಇನ್ನೊಂದು ಡಬ್ಬಿ ಕಳಿಸತೊಡಗಿದರು; ಗೊಜ್ಜು, ಹುಳಿ, ಅಮಾವಾಸ್ಯೆಗೆ ಕಡುಬು. ರಾಯರು ತಮ್ಮದರಿಂದ ಅವನ ಡಬ್ಬಿಗೆ ಹಾಕುವುದು, ಅವನದರಿಂದ ತಾವು ತೆಗೆದುಕೊಳ್ಳುವುದು ನಡೆಯತೊಡಗಿತು. ಮೂರ್ತಿ ಎಂಬ ಹೆಸರೂ ಯಾರನ್ನೂ ಪ್ರಶ್ನೆಗೆ ಹಚ್ಚಲಿಲ್ಲ. ಇದರಿಂದ ಪ್ರಮೋಷನ್ ಸಿಕ್ಕಿತೇ ಎಂದರೆ ಅದೂ ಇಲ್ಲ, ಸಿಗುವುದು ಹೇಗೂ ಸಿಗುತ್ತಿತ್ತು. ಸಿಕ್ಕಿದ್ದು ಆ ಪಕ್ಕದ ಕುರ್ಚಿ ಮಾತ್ರ. ಆ ಕುರ್ಚಿ ಅವನಿಗೆ ಎಷ್ಟು ಬೇಕಾಗಿತ್ತು ಎಂದು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

"ಪಾಪ, ನಮ್ಮಿಬ್ಬರಿಗೋಸ್ಕರ ಇವರು ಪಟ್ಟಿರೋ ಪಾಡು ನೋಡಿ" ಎಂದು ರಾಯರು ಕನ್ನಡದಲ್ಲಿ ಪಿಸುಗುಟ್ಟಿದರು. ನಿಜ. ಇಲ್ಲಿ ಸಾರಿನಿಂದ ಹಿಡಿದು ಎಲ್ಲಕ್ಕೂ ಮೀನಿನ ರಸವೇ ತಳಹದಿಯಂತೆ. ಹಾಗಾಗಿ ಮೊರಿಕಾವ ಅಡುಗೆಯವರಿಗೆ ತಾವೇ ಫೋನ್ ಮಾಡಿ, ಸಮುದ್ರದ ಸೊಪ್ಪಿನಿಂದಲೇ ಬೇರೆ ರಸ ಕಾಯಿಸಿ, ಬೇರೆ ಪಾತ್ರೆ, ಬೇರೆ ಚಾಕು ಇಟ್ಟು, ಬೌದ್ಧ ಸನ್ಯಾಸಿಗಳ ಪದ್ಧತಿಯ ಊಟವನ್ನು ಇವರಿಬ್ಬರಿಗೆ ಮಾಡಿಸಿದ್ದರು. ಅದನ್ನು ಅವರು ಇಂಗ್ಲಿಷಿನಲ್ಲಿ ಮೆಲ್ಲಗೆ, ಹೆಮ್ಮೆಯೂ ಸಂಕೋಚವೂ ಕೂಡಿದ ದನಿಯಲ್ಲಿ ವಿವರಿಸುವಾಗ ಮೂರ್ತಿ ತಲೆಯಾಡಿಸುತ್ತಿದ್ದ. ತಗ್ಗು ಮೇಜಿನ ಕೆಳಗೆ ನೆಲ ತೋಡಿ ಮಾಡಿದ ಗುಂಡಿಯಲ್ಲಿ ಅವನ ಕಾಲುಗಳು ನೇತಾಡುತ್ತಿದ್ದವು. ಎದ್ದು ಓಡೋಣವೆಂದರೆ ಮೊದಲು ಆ ಗುಂಡಿಯಿಂದ ಕಾಲು ಮೇಲೆತ್ತಿಕೊಳ್ಳಬೇಕು.

ಕಾಗದದ ಬಾಗಿಲು ಸದ್ದಿಲ್ಲದೆ ಸರಿಯಿತು. ನೀಲಿ ಕಿಮೊನೊ ಉಟ್ಟ ಹುಡುಗಿ ಹೊಸ್ತಿಲಲ್ಲಿ ಮಂಡಿಯೂರಿ, ಹಣೆ ಬಗ್ಗಿಸಿ, ಜಪಾನಿ ಭಾಷೆಯಲ್ಲಿ ಏನೋ ಹೇಳಿ ತಲೆಯೆತ್ತಿದಳು. ಮಮತ. ಅಕ್ಕ ರುಕ್ಮಿಣಮ್ಮನ ಮಗಳು. ಮುಖಕ್ಕೆ ಬಿಳಿ ಪೌಡರು, ಕೂದಲನ್ನು ಎತ್ತಿ ಕಟ್ಟಿದ ಗಂಟು, ಎದೆಯ ಮೇಲೆ 'ಯುಕಿ' ಎಂಬ ಬಿಲ್ಲೆ. ಯಾವುದೋ ರೆಸಾರ್ಟಿಗೆ ಸೇರಿದ್ದಾಳೆಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. "ಜಪಾನ್ ಮಾತೂ ಕಲೀತಾ ಅವ್ಳೆ ಕಣೋ, ಮುಂದಿನ್ ವರ್ಸ ಅಲ್ಲೀಗೇ ಟ್ರೈನಿಂಗ್ ಕಳಿಸ್ತಾರಂತೆ, ಅದುಕ್ಕೇ ಗಂಡು ನೋಡೋದು ಈಗ್ಲೇ ಬ್ಯಾಡ ಅಂತ ಕುಂತವ್ಳೆ" ಎಂದು ಹಿಗ್ಗಿದ್ದಳು. ಮೂರ್ತಿ ಆಗ ಟಿವಿ ನೋಡುತ್ತ ಹೌದಾ ಹೌದಾ ಎಂದಿದ್ದ, ಯಾವ ರೆಸಾರ್ಟು ಎಂದು ಕೇಳಿರಲಿಲ್ಲ. ಈಗ ಅವಳ ಕಣ್ಣಂಚಿನಲ್ಲಿ ನಗು ತುಳುಕಿ, ತುಟಿಯವರೆಗೆ ಬಂದು, ಅಲ್ಲೇ ನಿಂತಿತು. ಅತಿಥಿಗಳೊಂದಿಗೆ ಗುರುತು ಹೇಳಬಾರದೆಂಬ ನಿಯಮ ಇದ್ದಿರಬೇಕು. ಆದರೂ ಅವಳು ಒಂದು ಗಳಿಗೆ ಹೆಚ್ಚೇ ಅವನನ್ನು ನೋಡಿದಳು.

"ಪರಿಚಯದವರಾ?" ಎಂದರು ರಾಯರು.

"ಇಲ್ಲ ಸಾರ್" ಎಂದ ಮೂರ್ತಿ.

ಬಾಯಿಂದ ಎಷ್ಟು ಸಲೀಸಾಗಿ ಬಂತದು! ಯೋಚಿಸಿದ್ದರೆ ಬೇರೆ ಏನಾದರೂ ಹೇಳಬಹುದಿತ್ತು. ನಮ್ಮ ಕಡೆಯ ಹುಡುಗಿ ಎನ್ನಬಹುದಿತ್ತು, ಎಲ್ಲೋ ನೋಡಿದ ಹಾಗಿದೆ ಎನ್ನಬಹುದಿತ್ತು. ಮಮತಳಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೂ ಮಾಮ ನಾಟಕದಲ್ಲಿ ತನ್ನ ಜೊತೆ ಕೈಜೋಡಿಸಿದ ಎಂದೇ ತಿಳಿದಳೇನೋ, ಏಕೆಂದರೆ ಅವಳ ಕೆನ್ನೆಯಲ್ಲಿ ನಗುವಿನ ಗುಳಿ ಹಾಗೇ ಇತ್ತು. ಅವಳು ಮೊರಿಕಾವರಿಗೆ ಚಹಾ ಬಗ್ಗಿಸುತ್ತ ಅವರ ಭಾಷೆಯಲ್ಲೇ ಎರಡು ಮಾತಾಡಿದಳು. ಅವರು ಆಶ್ಚರ್ಯದಿಂದ ಓಹೋ ಎಂದರು, ಏನೋ ಕೇಳಿದರು, ಅವಳು ತಡವರಿಸದೆ ಉತ್ತರ ಕೊಟ್ಟಳು. ಕುಂದಾಣದ ಹಟ್ಟಿಯಲ್ಲಿ ಮೂಗು ಸೋರಿಸಿಕೊಂಡು ಕುರಿಮರಿ ಅಟ್ಟಿಸಿಕೊಂಡು ಓಡುತ್ತಿದ್ದವಳು. ಮೂರ್ತಿಗೆ ಹೆಮ್ಮೆಯಾಯಿತು, ಆ ಹೆಮ್ಮೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಿಸಿ ಚಹಾವನ್ನು ಗುಟುಕರಿಸಿ ಬಾಯಿ ಸುಟ್ಟುಕೊಂಡ.

ಊಟ ಬರುತ್ತ ಹೋಯಿತು. ಒಂದು ಎಲೆಯ ಮೇಲೆ ಬೆರಳುದ್ದದ ಬೇರು. ಒಂದು ಬಟ್ಟಲಿನಲ್ಲಿ ಮೊಸರಿನ ಗಡ್ಡೆಯಂಥ ತೋಫು. ಮೊರಿಕಾವರ ಮುಂದೆ ಕೆಂಡದ ಮೇಲೆ ಸುಟ್ಟು ಸಿಹಿರಸ ಸವರಿದ ಹಾವುಮೀನು, ಹೊಳೆಯುವ ಕಪ್ಪು ಪೆಟ್ಟಿಗೆಯಲ್ಲಿ ಅನ್ನದ ಮೇಲೆ ಮಲಗಿ ಬಂತು. ಅದರ ಹೊಗೆಯ ವಾಸನೆ ಮೂಗಿಗೆ ಬಡಿದದ್ದೇ ಮೂರ್ತಿಯ ಬಾಯಲ್ಲಿ ನೀರೂರಿತು. ಏಲಕ್ಕಿ, ಸೊಪ್ಪಿನ ರಸ, ಸನ್ಯಾಸಿಗಳ ಊಟ ಎಲ್ಲವನ್ನೂ ದಾಟಿಕೊಂಡು ನೀರೂರಿತು. ಮಮತ ಆಗಲೇ ಅವನ ಮುಖ ನೋಡಿದಳು. ಅವಳಿಗೆ ಎಲ್ಲ ತಪ್ಪಾಗಿ ಅರ್ಥವಾಗುತ್ತಿದೆ ಎಂದು ಮೂರ್ತಿಗೆ ಹೊಳೆಯಿತು. ಕಂಪನಿಯವರು ಇಂಡಿಯಾದವರೆಂದರೆ ಸೊಪ್ಪು ತಿನ್ನುವವರೇ ಎಂದುಕೊಂಡು ಪಾಪ ಮಾಮನಿಗೂ ಅದನ್ನೇ ಬರೆಸಿದ್ದಾರೆ ಎಂದು ಅವಳು ಮರುಗುತ್ತಿದ್ದಾಳೆ. ಹೋದ ಯುಗಾದಿಯ ಹೊಸತೊಡಕಿನ ದಿನ ಅಕ್ಕನ ಮನೆಯಲ್ಲಿ ಕುರಿ ಕೊಯ್ದಿದ್ದರು. ಪಂಕ್ತಿಯಲ್ಲಿ ಬಡಿಸುವವಳು ಇವಳೇ. ತನ್ನವರು ಎಂದರೆ ಮುದ್ದೆಯ ಕೆಳಗೆ ಒಳ್ಳೆಯ ತುಂಡು, ನಲ್ಲಿಮೂಳೆಯೋ ಈಲಿಯೋ, ಅಡಗಿಸಿಟ್ಟು ಬಡಿಸುವುದು ಅವರಲ್ಲಿ ಹೆಂಗಸರು ಮಾಡಿಕೊಂಡು ಬಂದದ್ದು. ಪಂಕ್ತಿಯ ಕಣ್ಣಿಗೆ ಎಲ್ಲರಿಗೂ ಒಂದೇ, ಮುದ್ದೆಯ ಕೆಳಗೆ ಮಾತ್ರ ಬೇರೆ. ಅಕ್ಕ ಮದುವೆಯಾಗಿ ಹೋಗುವವರೆಗೂ ಮೂರ್ತಿಗೆ ಹಾಗೇ ಬಡಿಸಿದಳು, ಆಮೇಲೆ ಆ ಕೆಲಸ ಮಗಳಿಗೆ ಬಂತು. ತಟ್ಟೆ ಇಟ್ಟು, ಅಂಚಿಗೆ ಉಗುರಿನಿಂದ ಟಕ್ ಎಂದು ತಟ್ಟಿ ಮುಂದಕ್ಕೆ ಹೋಗುವುದು. ಕೆಳಗೆ ನೋಡು ಎಂದರ್ಥ.

ಕಾಗದದ ಬಾಗಿಲು ಮತ್ತೆ ಸರಿಯಿತು. ರಾಯರ ಮುಂದೆ ಒಂದು ಮುಚ್ಚಿದ ಪೆಟ್ಟಿಗೆ, ಮೂರ್ತಿಯ ಮುಂದೆ ಒಂದು. ಮುಚ್ಚಳ ತೆಗೆದರೆ ಅನ್ನ, ಅನ್ನದ ಮೇಲೆ ಬದನೆಕಾಯಿ, ಅಣಬೆ. ಮಮತ ಏಳುವ ಮೊದಲು ಅವನ ಪೆಟ್ಟಿಗೆಯ ಅಂಚಿಗೆ ಉಗುರಿನಿಂದ ತಟ್ಟಿದಳು. ಟಕ್.

ಅಯ್ಯೋ ಹುಚ್ಚು ಹುಡುಗಿ, ಇಲ್ಲಿಯೂ ಇಟ್ಟಿದ್ದೀಯಲ್ಲೇ! ಚಾಪ್‌ಸ್ಟಿಕ್ಕಿನ ತುದಿಯಿಂದ ಒಂದು ಮೂಲೆಯ ಅನ್ನ ಸರಿಸಿದ. ಕಂದು ಬಣ್ಣ ಇಣುಕಿತು. ಮತ್ತೆ ಮುಚ್ಚಿದ. ಇನ್ನೊಂದು ಮೂಲೆಯಿಂದ ಬದನೆಕಾಯಿ ತಿನ್ನತೊಡಗಿದ. ಸುತ್ತ ತಿಂದು, ನಡುವೆ ಅದನ್ನು ಬಿಟ್ಟು, ಮುಚ್ಚಳ ಹಾಕಿಬಿಟ್ಟರೆ? ಒಳಗೆ ಪಾತ್ರೆ ತೊಳೆಯುವವರು ನೋಡುತ್ತಾರೆ, ಇವಳ ತಲೆಗೆ ಬರುತ್ತದೆ. ತಿಂದುಬಿಟ್ಟರೆ? ರಾಯರ ಮೊಣಕೈ ತನ್ನ ಮೊಣಕೈಗೆ ತಾಗುವಷ್ಟು ಹತ್ತಿರ. ಮೊರಿಕಾವ ಮಗಳ ಓದಿನ ಬಗ್ಗೆ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ರಾಯರು, "ನಿಮಗೆ ಅಣಬೆ ಜಾಸ್ತಿ ಹಾಕಿಬಿಟ್ಟಿದಾರೆ ಕಣ್ರೀ, ಇಲ್ಲಿ ತನ್ನಿ" ಎಂದು ಕ್ಯಾಂಟೀನಿನ ಅದೇ ಸಲಿಗೆಯಲ್ಲಿ ತಮ್ಮ ಚಮಚವನ್ನು ಅವನ ಪೆಟ್ಟಿಗೆಯ ನಟ್ಟನಡುವೆ ಇಳಿಸಿದರು.

ಮುಂದಿನದನ್ನು ಮೂರ್ತಿ ಯೋಚಿಸಿ ಮಾಡಲಿಲ್ಲ. ರಾಯರ ಚಮಚದಡಿಯಿಂದ ಆ ತುಂಡನ್ನು ಬೆರಳಲ್ಲೇ ಕಿತ್ತು ತನ್ನ ಬಾಯಿಗೆ ತುರುಕಿಕೊಂಡ. ಅಷ್ಟಾದರೂ ಮಾಡಿದೆನಲ್ಲ, ಅವರ ಬಾಯಿಗೆ ಹೋಗದಂತೆ ತಡೆದೆನಲ್ಲ ಎಂದು ಆಮೇಲೆ ಎಷ್ಟೋ ಸಲ ಅಂದುಕೊಳ್ಳಲು ನೋಡಿದ. ಬಾಯಲ್ಲಿ ಅದು ಬೆಣ್ಣೆಯ ಹಾಗೆ ಕರಗಿತು. ಸಿಹಿ, ಹೊಗೆ, ಕೊಬ್ಬು. ಅಂಥ ರುಚಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆದರೆ ತುಂಡಿನ ಬಾಲ ತುಟಿಯಾಚೆ ಉಳಿದಿತ್ತು, ಕಪ್ಪು ತೊಗಲಿನ ಸಮೇತ. "ಮೂರ್ತಿ, ಏನದು?" ಎಂದರು ರಾಯರು. ದನಿ ಬದಲಾಗಿತ್ತು. "ಮೀನು ಕಣ್ರೀ ಅದು! ಉಗೀರಿ, ಉಗೀರಿ!"

ಆಗ ಅವನು ಓಕರಿಸಿದ. ಓಕರಿಕೆ ಬಂದಿರಲಿಲ್ಲ, ತಂದುಕೊಂಡ. ಹೇಗೆ ಓಕರಿಸಬೇಕೆಂಬುದನ್ನು ರಾಯರಿಂದಲೇ ಕಲಿತಿದ್ದ. ಒಮ್ಮೆ ಡಬ್ಬಿ ತಾರದ ದಿನ ಹಾಕಿಸಿಕೊಂಡ ಕ್ಯಾಂಟೀನಿನ ಸಾರಿನಲ್ಲಿ ಕೋಳಿಯ ಎಲುಬಿನ ಚೂರು ಸಿಕ್ಕಿದಾಗ ಅವರು ಹೊಟ್ಟೆಯ ಆಳದಿಂದ, ಕಣ್ಣಲ್ಲಿ ನೀರು ಬಂದು, ಮೈ ನಡುಗಿ ಓಕರಿಸಿದ್ದರು. ಅದೇ ಥರ ಬೆನ್ನು ಬಾಗಿಸಿ, ಅದೇ ಥರ ಗಂಟಲಲ್ಲಿ ಸದ್ದು ಮಾಡಿ, ಆ ಬಿಳಿ ಟವೆಲಿಗೆ ರುಚಿಯಾದ ತುಂಡನ್ನು ಉಗಿದ. ಒಂದು ಸಲ ಸಾಲದೆಂದು ಇನ್ನೊಂದು ಸಲ. ರಾಯರು ಗುಂಡಿಯಿಂದ ಕಾಲು ಕಿತ್ತುಕೊಂಡು, ಮಂಡಿಯ ಮೇಲೆ ಅವನ ಪಕ್ಕಕ್ಕೆ ಸರಿದು, ಒಂದು ಕೈಯಲ್ಲಿ ಬೆನ್ನು ನೀವುತ್ತ ಇನ್ನೊಂದು ಕೈಯಲ್ಲಿ ಅವನ ಹಣೆ ಹಿಡಿದುಕೊಂಡರು. "ಏನೂ ಇಲ್ಲ, ಏನೂ ಇಲ್ಲ, ಹೋಗಲಿ ಎಲ್ಲ" ಎನ್ನುತ್ತಿದ್ದರು. ಅವರ ಅಂಗೈ ತಣ್ಣಗಿತ್ತು. ಥೂ ನಿನ್ನ ಎಂದುಕೊಂಡ ಮೂರ್ತಿ, ಆ ಅಂಗೈಯೊಳಗೆ ಹಣೆಯಿಟ್ಟುಕೊಂಡೇ.

ರೆಸ್ಟೋರೆಂಟಿನ ಮ್ಯಾನೇಜರ್ ಅಮರ್ ಓಡಿ ಬಂದ, ಕರಿ ಕೋಟಿನ ಚುರುಕು ಹುಡುಗ. ಅಡುಗೆಯವರು ಬಾಗಿಲಲ್ಲಿ ಬಂದು ನಿಂತರು. ಮೊರಿಕಾವ ಮೇಜಿನಿಂದ ಹಿಂದೆ ಸರಿದು, ಮಂಡಿಯೂರಿ, ಎರಡು ಕೈಯನ್ನೂ ಚಾಪೆಯ ಮೇಲಿಟ್ಟು, ನರೆತ ತಲೆಯನ್ನು ನೆಲದವರೆಗೆ ಬಗ್ಗಿಸಿದರು. ಮೂರ್ತಿಗೆ ಬಗ್ಗಿಸಿದರು. ಅವನ ಧರ್ಮಕ್ಕೆ, ಅವನ ನಿಯಮಕ್ಕೆ, ಇಲ್ಲದೇ ಇದ್ದದ್ದಕ್ಕೆ. ಅವನು "ನೋ ಸರ್, ನೋ ಸರ್" ಎಂದು ಬಡಬಡಿಸಿದ. ಇದೊಂದೇ ಗಳಿಗೆ ಸಾಕಾಗಿತ್ತು. ನಾನು ತಿನ್ನುತ್ತೇನೆ, ಇವಳು ನನ್ನ ಅಕ್ಕನ ಮಗಳು, ಪ್ರೀತಿಗೆ ಇಟ್ಟಳು ಎಂದು ಹೇಳಿದ್ದರೆ ಎಲ್ಲರೂ ನಕ್ಕುಬಿಡುತ್ತಿದ್ದರೇನೋ. ಹೇಳಲು ಬಾಯಿ ತೆರೆದ ಕೂಡ. ಆದರೆ ರಾಯರ ಕೈ ಇನ್ನೂ ಬೆನ್ನ ಮೇಲಿತ್ತು. ಆ ಕೈ ಅಲ್ಲಿರುವವರೆಗೆ ಹೇಳಲಾಗದು ಎಂದುಕೊಂಡ. ಅದು ಹೋದ ಮೇಲೆ ಹೇಳಿ ಪ್ರಯೋಜನವೇನು ಎಂದೂ ಅಂದುಕೊಂಡ.

"ಯಾರು ಪ್ಲೇಟ್ ಮಾಡಿದ್ದು? ಯುಕಿ, ಏನಿದು?" ಎಂದ ಅಮರ್.

ಮಮತ ಬಾಗಿಲ ಬಳಿ ನಿಂತಿದ್ದಳು. ಟವೆಲಿನಲ್ಲಿದ್ದ ತುಂಡನ್ನು ನೋಡಿದಳು, ಮಾಮನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಅವಳಿಗೆ ಎಲ್ಲ ತಿಳಿಯುವಷ್ಟು ಹೊತ್ತು. ಕೆನ್ನೆಯ ಗುಳಿ ಮಾಯವಾಯಿತು.

"ನಂದೇ ತಪ್ಪು ಸಾರ್. ಟ್ರೇ ಮೇಲೆ ಪಕ್ಕಪಕ್ಕ ಇತ್ತು. ಕೈ ತಪ್ಪಿ ಬಿದ್ದೋಯ್ತು."

"ಅನ್ನದ ಕೆಳಗೆ ಕೈ ತಪ್ಪಿ ಬೀಳುತ್ತಾ?"

ಅವಳು ಒಳಗೆ ಬಂದು, ಮೂರ್ತಿಯ ಮುಂದೆ ಮಂಡಿಯೂರಿ, ಹಣೆಯನ್ನು ಚಾಪೆಗೆ ಮುಟ್ಟಿಸಿದಳು. ಯುಗಾದಿಗೆ ಕಾಲಿಗೆ ಬಿದ್ದಾಗ ಅವನು ತಲೆ ಮುಟ್ಟಿ "ಚೆನ್ನಾಗಿರು ತಾಯಿ" ಎನ್ನುತ್ತಿದ್ದ. ಕೈ ಅಭ್ಯಾಸಬಲದಿಂದ ಮೇಲೆದ್ದಿತು. ಅದನ್ನು ಹಿಂದಕ್ಕೆಳೆದು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. "ಇವತ್ತಿಂದ ಇವಳು ಇರಲ್ಲ ಸಾರ್" ಎಂದು ಅಮರ್ ಇಂಗ್ಲಿಷಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿದ. "ಅಯ್ಯೋ ಬೇಡಿ, ಚಿಕ್ಕ ಹುಡುಗಿ, ಗೊತ್ತಿಲ್ಲದೆ ಆಗಿದೆ" ಎಂದವರು ರಾಯರು. ಮೂರ್ತಿ ಬಾಯಿ ಮುಕ್ಕಳಿಸಲು ಎದ್ದು ಹೋದ.

ಊಟ ಅಷ್ಟಕ್ಕೇ ನಿಂತಿತು. ಮೊರಿಕಾವ ಕಾರಿನ ಬಳಿಯೂ ಮತ್ತೊಮ್ಮೆ ಬಗ್ಗಿದರು. ಊರಿಗೆ ಹೊರಟವರು ಹೊತ್ತೊಯ್ಯಲೆಂದು ಇವನು ಕೊಟ್ಟ ಉಡುಗೊರೆ ಇದು. ರೆಸಾರ್ಟಿನ ಗೇಟು ದಾಟಿ ದೊಡ್ಡಬಳ್ಳಾಪುರದ ಕಡೆಗೆ ತಿರುಗಿದಾಗ, ದ್ರಾಕ್ಷಿ ತೋಟದ ಬೇಲಿಯ ಪಕ್ಕ, ನೆರಳೇ ಇಲ್ಲದ ಕಡೆ, ಅವಳು ನಿಂತಿದ್ದಳು. ಚೂಡಿದಾರ, ಹೆಗಲಿಗೊಂದು ಬ್ಯಾಗು, ಕೂದಲಿನ ಗಂಟು ಮಾತ್ರ ಹಾಗೇ. ಮೂರ್ತಿ ವೇಗ ಹೆಚ್ಚಿಸಿದ.

"ನಿಲ್ಸಿ ನಿಲ್ಸಿ, ಆ ಹುಡುಗಿ ಅಲ್ವೇನ್ರೀ?" ಎಂದರು ರಾಯರು. "ಪಾಪ, ಈ ಬಿಸಿಲಲ್ಲಿ ಬಸ್ಸು ಯಾವಾಗ ಬರುತ್ತೋ. ಹತ್ತಿಸ್ಕೊಳ್ಳಿ. ನಿಮಗೆ ಬೇಜಾರಿಲ್ಲ ತಾನೆ?"

"ಇಲ್ಲ ಸಾರ್."

ಅವಳು ಹಿಂದಿನ ಸೀಟಿನಲ್ಲಿ ಕೂತಳು. ಕನ್ನಡಿಯಲ್ಲಿ ಅವಳ ಕತ್ತು ಕಾಣುತ್ತಿತ್ತು. ಬಿಳಿ ಪೌಡರು ಅರ್ಧ ಒರೆಸಿ ಅರ್ಧ ಉಳಿದಿತ್ತು. ಈ ಕಾರಿನಲ್ಲೇ ಅವಳನ್ನು ಪಿಯುಸಿ ಪರೀಕ್ಷೆಗೆ ಅಲ್ಲೇ ಹತ್ತಿರದ ವಿಜಯಪುರಕ್ಕೆ ಬಿಟ್ಟು ಬಂದಿದ್ದ. ಆಗ ಮುಂದಿನ ಸೀಟಿನಲ್ಲಿ ಕೂತು, "ಮಾಮ, ಹಾಡ್ ಹಾಕು, ಇಲ್ಲಾಂದ್ರೆ ಓದಿದ್ದೆಲ್ಲ ಮರ್ತೋಯ್ತದೆ" ಎಂದು ಜೀವ ತಿಂದಿದ್ದಳು.

"ಯಾವೂರಮ್ಮ?" ಎಂದರು ರಾಯರು.

"ಕುಂದಾಣದ ಹತ್ರ ಸಾರ್."

"ಮನೇಲಿ ಯಾರಿದಾರೆ?"

"ಅಮ್ಮ ಸಾರ್. ಅಪ್ಪ ಇಲ್ಲ." ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು. "ಮಾಮ ಅವ್ರೆ, ಅಮ್ಮನ ತಮ್ಮ. ಫ್ಯಾಕ್ಟರಿಲಿ ದೊಡ್ಡ ಕೆಲ್ಸದಲ್ಲಿ ಅವ್ರೆ."

"ಒಳ್ಳೇದಾಯ್ತು. ಯಾವ ಫ್ಯಾಕ್ಟರಿ? ಅವರಿಗೆ ಹೇಳಮ್ಮ, ಎಲ್ಲಾದ್ರೂ ನೋಡ್ತಾರೆ."

ಮೂರ್ತಿ ಕನ್ನಡಿಯತ್ತ ಕಣ್ಣೆತ್ತಿದ. ಹೇಳಿಬಿಡು ತಾಯಿ, ನೀನೇ ಹೇಳಿಬಿಡು, ನನ್ನ ಕೈಲಾಗುವುದಿಲ್ಲ.

"ಯಾವ್ದೋ ಗೊತ್ತಿಲ್ಲ ಸಾರ್" ಎಂದಳು ಮಮತ.

ಕುಂದಾಣದ ಕ್ರಾಸು ಬಂತು. "ಇಲ್ಲೇ ನಿಲ್ಸಿ ಸಾರ್" ಎಂದಳು. ಅದನ್ನು ಅವಳು ಹೇಳಿದ್ದು ಅವನಿಗೆ. ಇಳಿದು, ಬಾಗಿಲು ಮೆಲ್ಲಗೆ ಹಾಕಿ, ಅವನ ಕಿಟಕಿಯ ಬಳಿ ಬಂದು ಸ್ವಲ್ಪ ಬಗ್ಗಿದಳು. "ಈಗ ಹೊಟ್ಟೆ ಪರ್ವಾಗಿಲ್ವಾ ಸಾರ್?" ಎಂದು ಕೇಳಿದಳು. ಚುಚ್ಚಿದಳೋ, ನಿಜಕ್ಕೂ ಕೇಳಿದಳೋ, ಅವಳ ಮುಖದಿಂದ ಗೊತ್ತಾಗಲಿಲ್ಲ. ಅವನು ತಲೆಯಾಡಿಸಿದ. ಅವಳು ರಸ್ತೆ ದಾಟಿ, ಹಿಪ್ಪುನೇರಳೆ ತೋಟದ ಪಕ್ಕದ ಮಣ್ಣುದಾರಿಗೆ ಇಳಿದು, ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಡೆದಳು. ಮನೆಯಲ್ಲಿ ಅಕ್ಕ ಈ ಹೊತ್ತಿಗೇ ಯಾಕೆ ಬಂದೆ ಎಂದು ಕೇಳುತ್ತಾಳೆ. ಇವಳು ಬೇರೇನೋ ಹೇಳುತ್ತಾಳೆ, ಮಾಮನ ಹೆಸರು ಎತ್ತುವುದಿಲ್ಲ. ಅದು ಮೂರ್ತಿಗೆ ಖಂಡಿತ ಗೊತ್ತಿತ್ತು, ಆ ಖಾತ್ರಿಯನ್ನೇ ಅವನಿಗೆ ತಡೆಯಲಾಗಲಿಲ್ಲ.

"ಮಮತಾ!"

ಅವಳು ನಿಂತಳು. ತಿರುಗಲಿಲ್ಲ. ನಿಂತವಳು ಮತ್ತೆ ನಡೆದಳು, ಕರೆದದ್ದು ಬೇರೆ ಯಾರನ್ನೋ ಎಂಬಂತೆ.

"ಅವಳ ಹೆಸರು ಯುಕಿ ಅಂತಲ್ವಾ ಇದ್ದದ್ದು?" ಎಂದರು ರಾಯರು.

"ಮಮತ ಸಾರ್. ನಮ್ಮಕ್ಕನ ಮಗಳು." ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. "ಆ ತುಂಡು ಬೇಕಂತಲೇ ಇಟ್ಟಿದ್ಲು ಸಾರ್, ನನಗೇ ಅಂತ. ನಾನು ತಿಂತೀನಿ. ಎಲ್ಲಾನೂ ತಿಂತೀನಿ. ಅವತ್ತು ಸೋಮವಾರ ಆಗಿತ್ತು, ಅದಕ್ಕೆ ಮೊಟ್ಟೆ ಬೇಡ ಅಂದೆ. ಇವತ್ತು ಬೆಳಿಗ್ಗೇನೂ ತಿಂದೇ ಬಂದೆ."

ರಾಯರು ತೊಡೆಯ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿ ತೆಗೆದರು, ಕುಡಿಯದೆ ಮತ್ತೆ ಹಾಕಿದರು. ಒಂದು ಟ್ರ್ಯಾಕ್ಟರು ಹಾರನ್ ಹೊಡೆದುಕೊಂಡು ಪಕ್ಕದಲ್ಲಿ ಹೋಯಿತು. ಬೈಯುತ್ತಾರೆ, ಇಳಿದು ಹೋಗುತ್ತಾರೆ, ಇಲ್ಲವೇ ತಿಂದರೆ ತಿನ್ನಿ ಅದಕ್ಕೇನು ಎನ್ನುತ್ತಾರೆ. ಮೂರ್ತಿ ಮೂರಕ್ಕೂ ಸಿದ್ಧನಾಗಿ ಕೂತಿದ್ದ.

"ಹಾಗಾದ್ರೆ ಆ ವಾಂತಿ?" ಎಂದರು ರಾಯರು. ದನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮ ಬಲಗೈಯನ್ನು ಮಗುಚಿ ಅಂಗೈಯನ್ನೇ ನೋಡಿಕೊಂಡರು. "ನಾನು ನಿಮ್ಮ ಹಣೆ ಹಿಡ್ಕೊಂಡಿದ್ದೆನಲ್ಲ ಮೂರ್ತಿ."